ನಕ್ಷೆ ತೋರಿಸಿದ್ದ ತೊರೆ

ಬ್ರಿಟನ್ನಿನ ಆರ್ಡ್‌ನನ್ಸ್ ಸರ್ವೆಯ ಹಳೆಯ ಆರಿಂಚಿನ ನಕ್ಷೆಯಲ್ಲಿ ಒಂದು ಮೈಲಿ ನೆಲ ಆರು ಇಂಚು ಕಾಗದದ ಮೇಲೆ ಇಳಿಯುತ್ತದೆ. ದಕ್ಷಿಣ ವೇಲ್ಸಿನ ಟಾಫ್ ಕಣಿವೆಯ ಹಾಳೆಯನ್ನು ಬಿಡಿಸಿದರೆ ಮೊದಲು ಕಣ್ಣಿಗೆ ಬೀಳುವುದು ಅಲ್ಲಿನ ಇಕ್ಕಟ್ಟು. ತಳದಲ್ಲಿ ನದಿ, ಅದಕ್ಕೆ ಅಂಟಿಕೊಂಡಂತೆ ಮರ್ಥರ್ ವೇಲ್ ಕಲ್ಲಿದ್ದಲು ಗಣಿ, ರೈಲು ಹಳಿ, ಗೋಡೆಗೆ ಗೋಡೆ ಸೇರಿದ ಕಾರ್ಮಿಕರ ಸಾಲುಮನೆಗಳು. ಸಮತಟ್ಟು ನೆಲ ಅಲ್ಲಿಗೇ ಮುಗಿಯಿತು. ಗಣಿಯ ಕಸ ಬೆಟ್ಟ ಹತ್ತಲೇಬೇಕಾಯಿತು. ಇಷ್ಟನ್ನು ಒಂದೂ ವಾಕ್ಯವಿಲ್ಲದೆ ತಿಳಿಸುವ ಶಕ್ತಿ ಈ ಹಾಳೆಗಿದೆ.

ಇದರ ದೌರ್ಬಲ್ಯವೂ ಸಣ್ಣದಲ್ಲ. ಕಸದ ಗುಡ್ಡೆಗೆ ಇಲ್ಲಿರುವುದು ಗಿಡ್ಡ ಗೀರುಗಳ ಒಂದು ಸುತ್ತು ಮಾತ್ರ. ಅದರ ತೂಕವಾಗಲಿ, ತೇವವಾಗಲಿ, ಕೆಳಗಿನ ಊರಿಗೆ ಅದು ಒಡ್ಡಿದ ಅಪಾಯವಾಗಲಿ ಗೀರಿನಲ್ಲಿಲ್ಲ. ಸರ್ವೆಯವರು ಅಳೆದು ಹೋದ ಮೇಲೂ ಗುಡ್ಡೆ ದಿನದಿನಕ್ಕೆ ಏರುತ್ತದೆ, ಕಾಗದ ಹಾಗೇ ಉಳಿಯುತ್ತದೆ. 1944ರಲ್ಲೇ ಈ ಕಣಿವೆಯ ಅಬರ್‌ಫ್ಯಾನ್ ಊರಿನ ಮೇಲಿನ ಒಂದು ಗುಡ್ಡೆ ಜಾರಿತ್ತು. ಅದೇ ಇಳಿಜಾರಿನಲ್ಲಿ ಏಳನೆಯ ಗುಡ್ಡೆಯನ್ನು ಸುರಿಯಲು ತೊಡಗಿದ್ದು 1958ರಲ್ಲಿ.

ಆದರೂ ನಾನು ಈ ನಕ್ಷೆಯ ಪರವೇ ನಿಲ್ಲುತ್ತೇನೆ. ಕಲ್ಲಿದ್ದಲಿಗೂ ಲಾಭಕ್ಕೂ ಸಂಬಂಧವಿಲ್ಲದ ಸಣ್ಣ ತೊರೆಗಳನ್ನೂ ಸರ್ವೆಯವರು ನಡೆದು ಅಳೆದು ಶ್ರದ್ಧೆಯಿಂದ ಬರೆದಿದ್ದರು. ಏಳನೆಯ ಗುಡ್ಡೆ ಎದ್ದದ್ದು ಅಂಥ ಒಂದು ತೊರೆಯ ದಾರಿಯ ಮೇಲೆಯೇ. 1966ರ ಅಕ್ಟೋಬರ್ 21ರ ಬೆಳಿಗ್ಗೆ, ಒಂಬತ್ತೂ ಕಾಲರ ಹೊತ್ತಿಗೆ, ನೀರು ಕುಡಿದ ಗುಡ್ಡೆ ಕೆಸರಾಗಿ ಹರಿದು ಪ್ಯಾಂಟ್‌ಗ್ಲಾಸ್ ಶಾಲೆಯನ್ನೂ ಪಕ್ಕದ ಮನೆಗಳನ್ನೂ ಮುಚ್ಚಿತು. ಸತ್ತವರು 144 ಜನ, ಅವರಲ್ಲಿ 116 ಮಕ್ಕಳು.

ಗಣಿಯನ್ನು ನಡೆಸುತ್ತಿದ್ದ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯ ಅಧ್ಯಕ್ಷ ಲಾರ್ಡ್ ರೋಬೆನ್ಸ್, ಗುಡ್ಡೆಯ ಅಡಿಯ ಒರತೆಗಳು ಯಾರಿಗೂ ಗೊತ್ತಿರಲಿಲ್ಲ ಎಂದರು. ನ್ಯಾಯಾಧೀಶ ಎಡ್ಮಂಡ್ ಡೇವಿಸ್ ನೇತೃತ್ವದ ವಿಚಾರಣಾ ಮಂಡಳಿ ಆ ಮಾತನ್ನು ಒಪ್ಪಲಿಲ್ಲ. ಊರಿನವರಿಗೆ ನೀರಿನ ವಿಷಯ ಗೊತ್ತಿತ್ತು, ನಕ್ಷೆಯಲ್ಲೂ ತೊರೆ ಇತ್ತು. 1967ರ ವರದಿ ದುರಂತದ ಹೊಣೆಯನ್ನು ಕಲ್ಲಿದ್ದಲು ಮಂಡಳಿಯ ಮೇಲೆ ಹೊರಿಸಿತು.

ನಕ್ಷೆಗಳು ಆಳುವವರ ಕಣ್ಣಿನಿಂದಲೇ ನೆಲವನ್ನು ನೋಡುತ್ತವೆ ಎಂಬ ಟೀಕೆ ಪರಿಚಿತವಾದದ್ದು, ಬಹಳ ಕಡೆ ಸರಿಯಾದದ್ದೂ ಹೌದು. ಈ ಹಾಳೆಗೆ ಅದು ಪೂರ್ತಿ ಹೊಂದುವುದಿಲ್ಲ. ಒಂದು ಸರ್ಕಾರಿ ಸಂಸ್ಥೆಯ ಜಾಣಕುರುಡಿಗೆ ಎದುರಾಗಿ ಇನ್ನೊಂದು ಸರ್ಕಾರಿ ಸಂಸ್ಥೆಯ ಗೆರೆಯೇ ಇಲ್ಲಿ ಸಾಕ್ಷಿಯಾಯಿತು. ಗಣಿಯ ಕಸದ ಗುಡ್ಡೆಗಳ ಸುರಕ್ಷತೆಗೆಂದೇ ಬ್ರಿಟನ್ ಕಾನೂನು ಮಾಡಿದ್ದು 1969ರಲ್ಲಿ, ಆ ಮಕ್ಕಳು ಸತ್ತು ಮೂರು ವರ್ಷವಾದ ಮೇಲೆ.