ದಾರಿ ಕೇಳುವ ಆಟ: ‘ಮಾರೋವಿಂಡ್’ನ ಮಂದಗತಿ

ವಿಡಿಯೋ ಆಟಗಳ ಆಕರ್ಷಣೆಯನ್ನು ಸಾಮಾನ್ಯವಾಗಿ ವೇಗದೊಂದಿಗೆ ಸಮೀಕರಿಸಲಾಗುತ್ತದೆ. ಅಮೆರಿಕದ ಬೆಥೆಸ್ಡಾ ಸಂಸ್ಥೆಯು 2002ರಲ್ಲಿ ಹೊರತಂದ ‘ಮಾರೋವಿಂಡ್’ ಈ ಗ್ರಹಿಕೆಗೆ ಒಗ್ಗುವುದಿಲ್ಲ. ಕಲ್ಪಿತ ಲೋಕವೊಂದರಲ್ಲಿ ಪಾತ್ರ ವಹಿಸಿ ಆಡುವ ಈ ಆಟದಲ್ಲಿ, ಬಿಡುಗಡೆಗೊಂಡ ಕೈದಿಯಾಗಿ ವಾರ್ಡನ್‌ಫೆಲ್ ದ್ವೀಪಕ್ಕೆ ಬಂದಿಳಿಯುವ ಆಟಗಾರನಿಗೆ ಗಮ್ಯವನ್ನು ತೋರುವ ಬಾಣದ ಗುರುತಿಲ್ಲ. ಊರಿನವರು ಬಾಯಿಮಾತಿನಲ್ಲಿ ದಾರಿ ಹೇಳುತ್ತಾರೆ. ಅದು ದಿನಚರಿಯಲ್ಲಿ ದಾಖಲಾಗುತ್ತದೆ. ಸೇತುವೆ ದಾಟಿ, ಕವಲಿನಲ್ಲಿ ಹೊರಳಿ, ಬೂದಿ ಮುಸುಕಿದ ಬೆಟ್ಟಗಳ ನಡುವೆ ಗುಹೆಯ ಬಾಗಿಲನ್ನು ತಾನೇ ಅರಸಬೇಕು. ಆರಂಭದ ನಡಿಗೆಯಂತೂ ಸಹನೆಯನ್ನೇ ಪರೀಕ್ಷಿಸುವಷ್ಟು ನಿಧಾನ. ಸಿಲ್ಟ್ ಸ್ಟ್ರೈಡರ್ ಎಂಬ ದೈತ್ಯಕೀಟದ ವಾಹನವೂ ದೋಣಿಯೂ ಇವೆಯಾದರೂ ಅವು ನಿಗದಿತ ಊರುಗಳ ನಡುವೆ ಮಾತ್ರ. ಉಳಿದಂತೆ ಬಹುಪಾಲು ಕಾಲ್ನಡಿಗೆಯೇ.

ಈ ಮಂದಗತಿಯನ್ನು ತಾಂತ್ರಿಕ ಕೊರತೆಯೆಂದು ತಳ್ಳಿಹಾಕುವುದು ಉಚಿತವಲ್ಲ. ದಾರಿ ತಪ್ಪುವ ಸಾಧ್ಯತೆ ಇರುವುದರಿಂದಲೇ ಬಂಡೆ, ಮರ, ಹಳ್ಳಗಳು ಬರಿಯ ಹಿನ್ನೆಲೆಯಾಗಿ ಉಳಿಯದೆ ಓದಬೇಕಾದ ಗುರುತುಗಳಾಗುತ್ತವೆ. ಇದೇ ಸರಣಿಯ ‘ಅಬ್ಲಿವಿಯನ್’ (2006) ಬಂದಾಗ ದಿಕ್ಸೂಚಿಯ ಮೇಲೆ ಗುರಿಯ ಚಿಹ್ನೆ ಮೂಡಿತು. ನಕ್ಷೆಯಲ್ಲಿ ಗುರುತಾದ ತಾಣಕ್ಕೆ ಒಮ್ಮೆಲೇ ಜಿಗಿಯುವ ಅನುಕೂಲವೂ ಸೇರಿತು. ಕಾಡು ಮೊದಲಿಗಿಂತ ಸುಂದರವಾಯಿತು, ನಿಜ. ಆದರೆ ಆಟಗಾರನ ಕಣ್ಣು ಕಾಡನ್ನು ಬಿಟ್ಟು ದಿಕ್ಸೂಚಿಯಲ್ಲಿ ನೆಟ್ಟಿತು. ಊರಿನವರನ್ನು ದಾರಿ ಕೇಳುವ ಅಗತ್ಯ ಹೆಚ್ಚುಕಡಿಮೆ ಇಲ್ಲವಾಯಿತು.