ಬಣ್ಣದ ಲಡಿಗೆ ಸಾದಾ ಹೆಣಿಗೆ

ಒಂದೇ ಎಳೆಯಲ್ಲಿ ಮೂರ್ನಾಲ್ಕು ಬಣ್ಣ ಹರಿಯುವ ಉಲ್ಲನ್ ಲಡಿ ಸಿಕ್ಕಿತೆಂದರೆ ಹೆಣೆಯುವವರ ಮನಸ್ಸು ಜಡೆ, ಎಲೆ, ಜೇನುಗೂಡಿನ ವಿನ್ಯಾಸಗಳತ್ತ ಓಡುತ್ತದೆ. ದಯವಿಟ್ಟು ಬೇಡ. ಜಡೆಯ ಏರಿಳಿತ ಕಾಣುವುದೇ ಅದರ ನೆರಳಿನಿಂದ. ಬೆರಳಗಲಕ್ಕೊಮ್ಮೆ ಬಣ್ಣ ಬದಲಾದರೆ ಆ ನೆರಳು ಅಳಿಸಿಹೋಗಿ, ಪಟ್ಟ ಶ್ರಮವೆಲ್ಲ ನೀರಿನಲ್ಲಿ ಹೋಮ.

ಭೈರವಾನಿತಿಪ್ಪದ ಕಡೆ ವೇದಾವತಿಯ ದಂಡೆಯಲ್ಲಿ (ಜನರ ಬಾಯಲ್ಲಿ ಅದು ಹಗರಿ) ಕುರಿ ಮೇಯಿಸುವವರ ಹೆಗಲ ಮೇಲಿನ ಕರಿ ಕಂಬಳಿ ನೋಡಿ. ದೂರಕ್ಕೆ ಅಚ್ಚ ಕಪ್ಪು. ಕೈಯಲ್ಲಿ ಹಿಡಿದರೆ ಕಪ್ಪು, ಕಂದು, ಬೂದು ಎಲ್ಲ ಒಂದೇ ಎಳೆಯಲ್ಲಿ. ಬಣ್ಣ ಅದ್ದಿದ್ದಲ್ಲ, ದಖ್ಖನಿ ಕುರಿಯ ಮೈಬಣ್ಣವದು. ಬಿಸಿಲಿಗೆ ತುದಿ ಕೆಂಚಾದ ಕೂದಲೂ ಅದರಲ್ಲುಂಟು. ಹಾಸು ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ ಕುಣಿಮಗ್ಗದಲ್ಲಿ ನೇಯುವವರು ಮೇಲೊಂದು ಕೆಳಗೊಂದರ ಸರಳ ನೇಯ್ಗೆ ಬಿಟ್ಟಿಲ್ಲ. ಉಣ್ಣೆಯ ಛಾಯೆಗಳು ಕಾಣುವುದೂ ಅದರಿಂದಲೇ. ನನಗೆ ಇದಕ್ಕಿಂತ ದೊಡ್ಡ ಪಾಠ ಯಾವ ವಿನ್ಯಾಸದ ಪುಸ್ತಕದಲ್ಲೂ ಸಿಕ್ಕಿಲ್ಲ.

ಹಾಗಂತ ಸಾದಾ ಹೆಣೆದರೆ ಸಾಲದು, ಅಗಲ ಕೂಡಿಬರಬೇಕು. ಮೊದಲೊಂದು ತುಂಡು ಹೆಣೆಯಿರಿ. ಕೆಂಪು ಶುರುವಾದಲ್ಲಿಂದ ಮತ್ತೆ ಕೆಂಪು ಬರುವವರೆಗೆ ಎಷ್ಟು ಕುಣಿಕೆ ಹಿಡಿಯಿತು, ಎಣಿಸಿ. ಅರವತ್ತು ಎಂದಿಟ್ಟುಕೊಳ್ಳಿ. ಟೋಪಿಯ ಸುತ್ತೂ ಅರವತ್ತೇ ಆದರೆ ಕೆಂಪಿನ ಮೇಲೆ ಕೆಂಪು ಕೂತು ಕಂಬ ಏಳುತ್ತದೆ. ಐವತ್ತೆಂಟೋ ಅರವತ್ತೆರಡೋ ಆದರೆ ಬಣ್ಣ ಸುತ್ತಿಗಿಷ್ಟು ಸರಿದು ಓರೆಯಾಗಿ ಏರುತ್ತದೆ. ಇನ್ನೂ ದೂರ ಹೋದರೆ ಚೂರುಚೂರಾಗಿ ಚೆದುರುತ್ತದೆ. ನನ್ನ ಕಣ್ಣಿಗೆ ಓರೆಯೇ ಚಂದ.

ಇಂಥ ನೂಲಿನಲ್ಲಿ ಸ್ವೆಟರ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಮೈಯ ಅಗಲ ಬೇರೆ, ತೋಳಿನ ಅಗಲ ಬೇರೆ. ಒಂದು ಕಡೆ ಗೆರೆಯಾದ ಬಣ್ಣ ಇನ್ನೊಂದು ಕಡೆ ಕಲೆಯಾಗುತ್ತದೆ. ಶಾಲು, ಟೋಪಿ, ಕಾಲುಚೀಲ ಸಾಕು. ಶಾಲಿಗಾದರೆ 2004ರಲ್ಲಿ ಕೇಟ್ ಗಿಲ್ಬರ್ಟ್ ರೂಪಿಸಿದ ‘ಕ್ಲಾಪೋಟಿ’ ನೋಡಬೇಕು. ಮೂಲೆಯಿಂದ ಶುರುವಾಗಿ ಅಗಲವಾಗುತ್ತ ಹೋಗುವ ಓರೆ ಹೆಣಿಗೆ. ನಡುನಡುವೆ ಬೇಕೆಂದೇ ಕುಣಿಕೆ ಬಿಟ್ಟು ಕೆಳಗಿನವರೆಗೂ ಬಿಚ್ಚಿಕೊಳ್ಳಲು ಬಿಡುತ್ತಾರೆ. ಆ ಏಣಿಯಂಥ ಸಂದುಗಳಲ್ಲಿ ಎಳೆ ಉದ್ದಕ್ಕೆ ತೆರೆದುಕೊಂಡು, ಬಣ್ಣದ ಗುಡ್ಡೆ ಒಡೆಯುತ್ತದೆ.

ಎರಡು ಲಡಿ ಬೇಕಾದರೆ ಎರಡೆರಡು ಸಾಲಿಗೊಮ್ಮೆ ಬದಲಿಸುತ್ತ ಹೆಣೆಯಿರಿ. ಕೈಯಲ್ಲಿ ಅದ್ದಿದ ಬಣ್ಣ ಲಡಿಯಿಂದ ಲಡಿಗೆ ಕೊಂಚ ಬೇರೆಯಾಗುತ್ತದೆ. ಒಂದು ಮುಗಿಸಿ ಇನ್ನೊಂದನ್ನು ಸೇರಿಸಿದರೆ ಶಾಲಿನ ನಡುವೆ ಗಡಿ ಎದ್ದು ಕಾಣುತ್ತದೆ.