ಮೊಹರು ಹಾಕಿದ ಉತ್ತರ

ಕಾರವಾರದಿಂದ ಪಣಜಿಗೆ ಹೊರಟ ಬಸ್ಸು ಮಡಗಾವ್ ದಾಟಿ, ಕೊರ್ತಾಲಿಮ್‌ಗೆ ಬಂದು ಜುವಾರಿ ಸೇತುವೆ ಹತ್ತುತ್ತದೆ. ಸೇತುವೆ ಕಳೆದು ಪಣಜಿ ಮುಟ್ಟಿದರೆ ಅಲ್ಲಿ ಮಾಂಡವಿ ನದಿ, ನದಿಯಲ್ಲಿ ಲಂಗರು ಹಾಕಿ ನಿಂತ ಕ್ಯಾಸಿನೊ ಹಡಗುಗಳು. ಈ ಹಡಗುಗಳಿಗೆ ಕಾನೂನಿನ ಬೆಂಬಲ ಸಿಕ್ಕಿದ್ದು 1976ರ ಸಾರ್ವಜನಿಕ ಜೂಜು ಕಾಯ್ದೆಗೆ ಮಾಡಿದ ತಿದ್ದುಪಡಿಗಳಿಂದ. 1992ರಲ್ಲಿ ಪಂಚತಾರಾ ಹೋಟೆಲುಗಳಿಗೆ ಸ್ಲಾಟ್ ಯಂತ್ರ ಬಂತು, 1996ರಲ್ಲಿ ನೀರಿನ ಮೇಲಿನ ಹಡಗಿಗೆ ಮೇಜಿನಾಟಗಳೂ ಬಂದವು. 21 ತುಂಬದವರನ್ನು ಒಳಗೆ ಬಿಡುವಂತಿಲ್ಲ. 2020ರ ಫೆಬ್ರವರಿಯಿಂದ ಗೋವಾದವರೇ ಅಲ್ಲಿ ಆಡುವಂತಿಲ್ಲ. ಪರವೂರಿನವರ ದುಡ್ಡು ಬರಲಿ, ನಮ್ಮ ಮನೆಯವರು ಕೆಡುವುದು ಬೇಡ ಎನ್ನುವ ಈ ಲೆಕ್ಕಾಚಾರ ನಗೆ ಬರಿಸಬಹುದು. ಆದರೂ ಜೂಜು ಯಾವುದು, ಅದಕ್ಕೊಂದು ಬಾಗಿಲು ಯಾಕೆ ಬೇಕು ಎಂಬುದು ಅಲ್ಲಿನ ಸರ್ಕಾರಕ್ಕೆ ಗೊತ್ತಿದೆ ಎಂದಾಯಿತು. ಅದೇ ಕೊರ್ತಾಲಿಮ್ ವಿಧಾನಸಭಾ ಕ್ಷೇತ್ರದ ಜುವಾರಿನಗರದಲ್ಲಿ ಉತ್ತರ ಕರ್ನಾಟಕದಿಂದ ದುಡಿಮೆಗೆ ಬಂದ ಮನೆಗಳು ಎಷ್ಟೋ ಇವೆ. ಅಂಥ ಮನೆಯ ಹುಡುಗ ಅಪ್ಪನ ಫೋನಿನಲ್ಲಿ ಯುಸಿ ಎಂಬ ಆಟದ ನಾಣ್ಯ ತುಂಬಿಸಿ, ಆಟದೊಳಗಿನ ಕ್ರೇಟ್ ಎಂಬ ಪೆಟ್ಟಿಗೆಯೊಂದನ್ನು ಒಡೆಯುವಾಗ ಗುರುತಿನ ಚೀಟಿ ಕೇಳಲು ಬಾಗಿಲಲ್ಲಿ ಯಾರೂ ನಿಂತಿರುವುದಿಲ್ಲ. ಹಡಗಿನಲ್ಲಿ ನಡೆಯುವುದು ಜೂಜಾದರೆ ಈ ಫೋನಿನಲ್ಲಿ ನಡೆಯುವುದು ಏನು?

ಕ್ರೇಟ್ ಒಡೆಯುವ ಕ್ಷಣವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮೊದಲು ರೂಪಾಯಿ ಕರಗಿ ಆಟದ ನಾಣ್ಯವಾಗುತ್ತದೆ. ನಾಣ್ಯ ಸಿಗುವುದು ಕಟ್ಟುಗಳಲ್ಲಿ. ಕಟ್ಟಿನ ಲೆಕ್ಕಕ್ಕೂ ಪೆಟ್ಟಿಗೆಯ ಬೆಲೆಗೂ ಸರಿಹೊಂದದೆ ಕೊನೆಯಲ್ಲಿ ಒಂದಿಷ್ಟು ಚಿಲ್ಲರೆ ಮಿಕ್ಕರೆ, ಅದನ್ನು ದಡ ಸೇರಿಸಲು ಇನ್ನೊಂದು ಕಟ್ಟು ಕೊಳ್ಳಬೇಕು. ಬೆರಳು ಒತ್ತಿದ ಮೇಲೆ ಪೆಟ್ಟಿಗೆ ಅಲುಗುತ್ತದೆ, ಸಂದಿನಿಂದ ಬೆಳಕು ಸೋರುತ್ತದೆ, ನೀಲಿಯಿದ್ದದ್ದು ನೇರಳೆಗೆ ತಿರುಗುತ್ತದೆ, ಇನ್ನೇನು ಹೊಂಬಣ್ಣ ಬಂತು ಎನ್ನುವಷ್ಟರಲ್ಲಿ ಮುಚ್ಚಳ ಹಾರಿ ಒಳಗಿಂದ ಮೊನ್ನೆ ಸಿಕ್ಕಿದ್ದ ಟೋಪಿಯೇ ಹೊರಬರುತ್ತದೆ. ಇಷ್ಟೆಲ್ಲ ತಳಕುಬಳುಕು ತೋರಿಕೆಗೆ ಮಾತ್ರ. ಏನು ಸಿಗಬೇಕೆಂಬುದನ್ನು ದೂರದ ಸರ್ವರ್ ಆಗಲೇ ತೀರ್ಮಾನಿಸಿರುತ್ತದೆ. ಇದಕ್ಕೆ ಲೂಟ್ ಬಾಕ್ಸ್ ಎಂದು ಹೆಸರಿಟ್ಟವರು ನಮ್ಮ ಲೂಟಿಯನ್ನೇ ಇಂಗ್ಲಿಷಿನಿಂದ ಸುತ್ತಿಸಿ ತಂದಿದ್ದಾರೆ. ಯಾರ ಲೂಟಿ ಎಂಬುದನ್ನು ಮಾತ್ರ ಹೆಸರು ಹೇಳುವುದಿಲ್ಲ.

ಹಣ ಕೊಟ್ಟು ತೆರೆಯುವ ಇಂಥ ಪೆಟ್ಟಿಗೆ ಜೂಜೇ ಎಂಬುದು ಈ ಲೇಖನದ ವಾದ. ಹಾಗೆನ್ನಲು ಸಿಲಿಕಾನ್ ವ್ಯಾಲಿಯತ್ತ ನೋಡಬೇಕಿಲ್ಲ, 1950ರ ದಶಕದ ಬೆಂಗಳೂರು ಸಾಕು. ಆಗ ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆ ಆರ್‌ಎಂಡಿಸಿ ಕ್ರಾಸ್‌ವರ್ಡ್ಸ್ ಎಂಬ ಪದಬಂಧ ಸ್ಪರ್ಧೆ ನಡೆಸುತ್ತಿತ್ತು. ಪ್ರವೇಶ ಶುಲ್ಕ ಕಟ್ಟಿ ಪದ ತುಂಬಬೇಕು, ಗೆದ್ದರೆ ಬಹುಮಾನ. ಮುಂಬೈ ರಾಜ್ಯದಲ್ಲಿ ಪತ್ರಿಕೆಗೆ ಬಹಳ ಗಿರಾಕಿಗಳಿದ್ದರು. ಅಲ್ಲಿನ ಸರ್ಕಾರ ಅದಕ್ಕೆ ತೆರಿಗೆ ಹಾಕಿತು, ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. ನಮ್ಮದು ಪದಜ್ಞಾನದ ಪರೀಕ್ಷೆ, ಬುದ್ಧಿಯ ಆಟ ಎಂದರು ನಡೆಸುವವರು. ನ್ಯಾಯಾಲಯ ಸ್ಪರ್ಧೆಯ ನಿಯಮಗಳನ್ನೇ ಬಿಡಿಸಿ ಓದಿತು. ಒಂದು ಸುಳಿವಿಗೆ ಎರಡು ಪದ ಒಪ್ಪಬಹುದಾದರೂ ಸರಿಯುತ್ತರ ಮಾತ್ರ ಒಂದೇ: ಸಂಪಾದಕರ ಬಳಿ ಮೊಹರು ಹಾಕಿ ಇಟ್ಟದ್ದು. ಆ ಲಕೋಟೆಯಲ್ಲಿ ಏನಿದೆಯೆಂದು ಯಾವ ಪಂಡಿತನೂ ಓದಿ ತಿಳಿಯಲಾರ. ಹೀಗಾಗಿ ಅದು ಜೂಜು, ಜೂಜು ಸಂವಿಧಾನ ಕಾಪಾಡುವ ವ್ಯಾಪಾರಗಳ ಸಾಲಿಗೆ ಸೇರದು ಎಂದು 1957ರಲ್ಲಿ ತೀರ್ಪಾಯಿತು. ಚಮರ್‌ಬಾಗ್‌ವಾಲಾ ಪ್ರಕರಣವೆಂದು ವಕೀಲರೆಲ್ಲ ಇಂದಿಗೂ ಹೆಸರಿಸುವುದು ಇದನ್ನೇ. ಆ ಲಕೋಟೆಗೂ ಈ ಕ್ರೇಟಿಗೂ ಏನು ವ್ಯತ್ಯಾಸ? ಪದಬಂಧದಲ್ಲಿ ಕೊನೆಯ ಪಕ್ಷ ತಲೆ ಕೆರೆದುಕೊಳ್ಳುವ ಕೆಲಸವಾದರೂ ಇತ್ತು.

ಮುಂದಿನ ಅರವತ್ತು ವರ್ಷ ನಮ್ಮ ನ್ಯಾಯಾಲಯಗಳು ಕೌಶಲವೋ ಅದೃಷ್ಟವೋ ಎಂಬ ಒಂದೇ ಎಳೆಯನ್ನು ಹಿಡಿದು ಜಗ್ಗಿದವು. 1967ರಲ್ಲಿ ರಮ್ಮಿ, 1996ರಲ್ಲಿ ಕುದುರೆ ಜೂಜು ಕೌಶಲದ ಕಡೆಗೆ ಬಿದ್ದವು. ಆನ್‌ಲೈನ್ ಕಂಪನಿಗಳಿಗೆ ಇದೇ ಗುರಾಣಿಯಾಯಿತು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಗೊತ್ತಿಲ್ಲದ ಫಲಿತಾಂಶದ ಮೇಲೆ ಹಣ ಒಡ್ಡುವುದನ್ನೆಲ್ಲ, ಕೌಶಲದ ಆಟಗಳಲ್ಲಿ ಒಡ್ಡುವುದನ್ನೂ ಸೇರಿಸಿ, ಜೂಜೆಂದಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದನ್ನು ಹೊಡೆದುಹಾಕಿತು. ಕೌಶಲದ ಆಟಗಳನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ್ದು ಸರಿಯಲ್ಲವೆಂಬುದು ಮುಖ್ಯ ಕಾರಣ. ಆ ವಾದವಿವಾದವೆಲ್ಲ ರಮ್ಮಿ, ಪೋಕರ್, ಫ್ಯಾಂಟಸಿ ಕ್ರಿಕೆಟ್ಟಿನ ಸುತ್ತ ನಡೆಯಿತು. ವಿಚಿತ್ರವೆಂದರೆ ಗೊತ್ತಿಲ್ಲದ ಫಲಿತಾಂಶ ಎಂಬ ಮಾತು ಅಳತೆ ತೆಗೆದು ಹೊಲಿದಂತೆ ಕೂರುವುದು ಲೂಟ್ ಬಾಕ್ಸಿಗೆ, ಮತ್ತು ಕೌಶಲದ ಗುರಾಣಿ ಒಂದಿಷ್ಟೂ ಕೆಲಸಕ್ಕೆ ಬಾರದಿರುವುದೂ ಇಲ್ಲಿಯೇ. ಗುಂಡು ಹಾರಿಸುವುದರಲ್ಲಿ ಹುಡುಗ ಎಷ್ಟೇ ಚುರುಕಾಗಿರಲಿ, ಪೆಟ್ಟಿಗೆ ಒಡೆಯುವಾಗ ಅವನೂ ಮೊದಲ ದಿನದ ಆಟಗಾರನೂ ಒಂದೇ.

ಕಂಪನಿಗಳ ಕಡೆಯ ಮೊದಲ ತಕರಾರು, ಇಲ್ಲಿ ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ, ಪ್ರತಿ ಪೆಟ್ಟಿಗೆಯಲ್ಲೂ ಏನೋ ಒಂದು ಸಿಗುತ್ತದೆ ಎಂಬುದು. 2019ರಲ್ಲಿ ಬ್ರಿಟನ್ನಿನ ಸಂಸದೀಯ ಸಮಿತಿಯ ಮುಂದೆ ವಿಡಿಯೊ ಆಟ ತಯಾರಿಸುವ ಇಎ ಕಂಪನಿಯ ಪ್ರತಿನಿಧಿ ಇದನ್ನು ಆಟಿಕೆಯಿರುವ ಕಿಂಡರ್ ಮೊಟ್ಟೆಗೆ ಹೋಲಿಸಿದ್ದರು. ಹೋಲಿಕೆ ಜಾಣತನದ್ದೇ, ಹಳೆಯದೂ ಹೌದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಜೂಜಿನ ಯಂತ್ರಗಳಿಗೆ ನಿಷೇಧ ಬಂದಾಗ ತಯಾರಕರು ಯಂತ್ರದ ಪಕ್ಕಕ್ಕೆ ಚೂಯಿಂಗ್ ಗಮ್ ಜೋಡಿಸಿದರು. ಕಾಸು ಹಾಕಿ ಹಿಡಿ ಎಳೆದರೆ ಸೋತವನಿಗೂ ಗಮ್ ಸಿಗುತ್ತಿತ್ತು. ಇದು ಗಮ್ ಮಾರುವ ಯಂತ್ರ ಸ್ವಾಮಿ, ಜೂಜಲ್ಲ ಎಂದರು. ಗಮ್ಮಿನ ರುಚಿ ಸೂಚಿಸಲು ಚಕ್ರದ ಮೇಲೆ ಬಂದ ಚೆರ್ರಿ, ನಿಂಬೆ ಹಣ್ಣಿನ ಚಿತ್ರಗಳು ಸ್ಲಾಟ್ ಯಂತ್ರದ ಗುರುತಾಗಿ ಉಳಿದುಬಿಟ್ಟವು. ಎಷ್ಟೋ ನ್ಯಾಯಾಲಯಗಳು ಆ ಗಮ್ಮಿಗೆ ಮರುಳಾಗಲಿಲ್ಲ. ಜನ ಕಾಸು ಹಾಕುವುದು ಗಮ್ಮಿಗಲ್ಲವೆಂಬುದು ಕಣ್ಣಿಗೆ ಕಾಣುತ್ತಿತ್ತು. ಕಿಂಡರ್ ಮೊಟ್ಟೆಯಲ್ಲಿ ಆಟಿಕೆ ಯಾವುದೇ ಇರಲಿ, ಚಾಕೊಲೇಟು ಅಷ್ಟೇ ಇರುತ್ತದೆ. ಅಲ್ಲದೆ ಅದನ್ನು ರಾತ್ರಿ ಹನ್ನೊಂದಕ್ಕೆ ಹಾಸಿಗೆಯಲ್ಲಿ ಬಿದ್ದುಕೊಂಡು ನಿಮಿಷಕ್ಕೆ ಐದರಂತೆ ಒಡೆಯಲು ಬರುವುದಿಲ್ಲ. ಪೆಟ್ಟಂಗಡಿಯ ಲಕ್ಕಿ ಚೀಟಿಯೂ ಚಿಕ್ಕ ಜೂಜೇ ಎಂದು ಯಾರಾದರೂ ಹೇಳಿದರೆ ಒಪ್ಪಬೇಕು. ಆದರೆ ಆ ಹಾಳೆಯಲ್ಲಿ ಚೀಟಿ ಮುಗಿಯುತ್ತಿತ್ತು, ಅಂಗಡಿಯವನು ಮನೆಗೆ ಹೋಗುತ್ತಿದ್ದ.

ಗಟ್ಟಿಯಾದ ತಕರಾರು ಬೇರೆ ಇದೆ. ಸಿಕ್ಕಿದ್ದನ್ನು ಮಾರಿ ನಗದು ಮಾಡಲು ಬಾರದಿದ್ದರೆ ಅದು ಬಹುಮಾನ ಹೇಗಾದೀತು? ಬ್ರಿಟನ್ ಸರ್ಕಾರ 2022ರಲ್ಲಿ ಜೂಜು ಕಾಯ್ದೆಯನ್ನು ಲೂಟ್ ಬಾಕ್ಸಿಗೆ ವಿಸ್ತರಿಸದೆ ಬಿಟ್ಟದ್ದರ ಹಿಂದೆ ಈ ಪ್ರಶ್ನೆಯೂ ಇತ್ತು. ಅದೇ ವರ್ಷ ನೆದರ್‌ಲ್ಯಾಂಡ್ಸಿನ ಉನ್ನತ ಆಡಳಿತ ನ್ಯಾಯಾಲಯ ಫಿಫಾ ಆಟದ ಇಂಥದೇ ಪ್ಯಾಕುಗಳಿಗಾಗಿ ಇಎ ಮೇಲೆ ಹಾಕಿದ್ದ 1 ಕೋಟಿ ಯೂರೊ ದಂಡವನ್ನು ರದ್ದುಮಾಡಿತು. ಪ್ಯಾಕು ಪ್ರತ್ಯೇಕ ಆಟವಲ್ಲ, ದೊಡ್ಡದೊಂದು ಕೌಶಲದ ಆಟದ ಭಾಗ ಎಂಬುದು ಅಲ್ಲಿನ ತರ್ಕ. ಹಾಗಾದರೆ ಚದುರಂಗದ ಕ್ಲಬ್ಬಿನ ಮೂಲೆಯಲ್ಲಿ ಮಟ್ಕಾ ಬರೆಯುವವನನ್ನು ಕೂರಿಸಿ, ಗೆದ್ದವರಿಗೆ ಚಂದದ ಆನೆ ಕುದುರೆ ಕೊಟ್ಟರೆ ಅವನೂ ಚದುರಂಗದ ಭಾಗವಾಗಬೇಕು. ನಗದಿನ ಮಾತೂ ಅರ್ಧ ಸತ್ಯ. ಕೌಂಟರ್ ಸ್ಟ್ರೈಕ್ ಆಟದಲ್ಲಿ ಬಂದೂಕಿಗೆ ತೊಡಿಸುವ ಅಲಂಕಾರಿಕ ಸ್ಕಿನ್‌ಗಳಿಗೆ 2013ರಿಂದ ದೊಡ್ಡ ಸಂತೆಯೇ ನಡೆದಿದೆ. ಅಪರೂಪದ ಸ್ಕಿನ್ ಇರುವ ಖಾತೆಗಳನ್ನೇ ಕೈಯಿಂದ ಕೈಗೆ ಮಾರುವವರೂ ಇದ್ದಾರೆ. ಇವನ್ನೆಲ್ಲ ಬದಿಗಿಟ್ಟು, ಸಿಕ್ಕಿದ್ದು ಎಂದೂ ನಗದಾಗದು ಎಂದೇ ಹಿಡಿಯೋಣ. ಅದರಿಂದ ಆಟಗಾರನಿಗೆ ಏನು ಒಳ್ಳೆಯದಾಯಿತು? ಮಾಂಡವಿಯ ಹಡಗಿನಲ್ಲಿ ಸೋತವನಿಗೆ ಗೆಲ್ಲುವ ಸಂದೊಂದಾದರೂ ಇರುತ್ತದೆ. ಇಲ್ಲಿ ಹಣ ಹೋಗುವ ದಾರಿ ಇದೆ, ಬರುವ ದಾರಿಯನ್ನು ಕಟ್ಟಿದ್ದಾರೆ. ಆ ಕಾರಣಕ್ಕೇ ಇದು ಜೂಜಲ್ಲ ಎನ್ನುವುದು, ತಕ್ಕಡಿಯಲ್ಲಿ ಒಂದೇ ತಟ್ಟೆ ಇರುವುದರಿಂದ ಮೋಸದ ಪ್ರಶ್ನೆಯೇ ಬರುವುದಿಲ್ಲ ಎಂದಂತೆ.

ಸಾಧ್ಯತೆಯ ಅಂಕಿಗಳನ್ನು ಬರೆದು ಹಾಕುತ್ತೇವೆ, ನೋಡಿ ಕೊಳ್ಳಲಿ ಎನ್ನುವುದು ಈಗಿನ ಶಿಷ್ಟಾಚಾರ. ಚೀನಾ 2017ರಿಂದ ಅದನ್ನು ಕಡ್ಡಾಯ ಮಾಡಿದೆ. ನೂರಕ್ಕೆ ಒಂದು ಎಂದು ಬರೆದಿದ್ದರೆ, ನೂರು ಒಡೆದರೆ ಒಂದು ಗ್ಯಾರಂಟಿ ಎಂದು ಓದುವವರೇ ಹೆಚ್ಚು. ಲೆಕ್ಕ ಹಾಗಿಲ್ಲ. ಪ್ರತಿ ಸಲವೂ ನೂರಕ್ಕೆ ತೊಂಬತ್ತೊಂಬತ್ತು ಪಾಲು ಸೋಲೇ ಆಗಿದ್ದರೆ, ನೂರು ಪೆಟ್ಟಿಗೆ ಒಡೆದ ನೂರು ಮಂದಿಯಲ್ಲಿ ಸುಮಾರು 37 ಮಂದಿಗೆ ಆ ಅಪರೂಪದ ವಸ್ತು ಒಂದೂ ಸಿಕ್ಕಿರುವುದಿಲ್ಲ. ಎಸ್ಸೆಸ್ಸೆಲ್ಸಿ ಗಣಿತ ಪಾಸಾದವರೂ ಎಡವುವ ಜಾಗ ಇದು, ಹನ್ನೆರಡರ ಹುಡುಗನ ಪಾಡು ಕೇಳಬೇಕೇ? 2018ರಲ್ಲಿ ಜೆಂಡಲ್ ಮತ್ತು ಕೇರ್ನ್ಸ್ ಎಂಬ ಸಂಶೋಧಕರು ಏಳು ಸಾವಿರಕ್ಕೂ ಹೆಚ್ಚು ಆಟಗಾರರನ್ನು ಕೇಳಿದಾಗ, ಜೂಜಿನ ಗೀಳು ಹೆಚ್ಚಿದ್ದವರೇ ಪೆಟ್ಟಿಗೆಗೂ ಹೆಚ್ಚು ಸುರಿದಿದ್ದರು. ಪೆಟ್ಟಿಗೆ ಗೀಳು ಹತ್ತಿಸುತ್ತದೋ, ಗೀಳು ಹತ್ತಿದವರು ಪೆಟ್ಟಿಗೆಗೆ ಬರುತ್ತಾರೋ ಎಂಬುದನ್ನು ಅಂಥ ಅಧ್ಯಯನ ಹೇಳಲಾರದು. ಮೊದಲನೆಯದಾದರೆ ಹಾನಿ, ಎರಡನೆಯದಾದರೆ ಹಾನಿಗೊಂಡವರಿಂದ ಲಾಭ. ಮಾರುವವನಿಗೆ ಎರಡರಲ್ಲೂ ಬಿಡುಗಡೆಯಿಲ್ಲ.

ನಮ್ಮ ದೇಶದ ಕಾನೂನು ಈಗ ಎಲ್ಲಿ ನಿಂತಿದೆ? 2025ರ ಆಗಸ್ಟ್ 22ರಂದು ರಾಷ್ಟ್ರಪತಿಯ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲವೋ ಅದೃಷ್ಟವೋ ಎಂಬ ಹಳೆಯ ಜಗಳವನ್ನೇ ಕೈಬಿಟ್ಟಿದೆ. ಹಣ ಅಥವಾ ಇತರ ಪಣ ಒಡ್ಡಿ, ಹಣದ ಮತ್ತು ಇತರ ಲಾಭದ ನಿರೀಕ್ಷೆಯಲ್ಲಿ ಆಡುವ ಆಟ ನಿಷಿದ್ಧ. ದುಡ್ಡು ಕೊಟ್ಟು ಪಡೆದ ನಾಣ್ಯ, ಟೋಕನ್, ವರ್ಚುವಲ್ ವಸ್ತು ಎಲ್ಲವೂ ಪಣವೇ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, 1 ಕೋಟಿಯವರೆಗೆ ದಂಡ. ಆಡುವವರಿಗೆ ಶಿಕ್ಷೆಯಿಲ್ಲದಿರುವುದು ವಿವೇಕದ ಮಾತು. ಯುಸಿ ಪಣವೆಂಬುದರಲ್ಲಿ ಇನ್ನು ಅನುಮಾನ ಉಳಿಯಲಿಲ್ಲ. ಉಳಿದದ್ದು ಆ ‘ಮತ್ತು’. ಹಣದ ಲಾಭವೂ ಇರಲೇಬೇಕೆಂದು ಓದಿದರೆ ಪೆಟ್ಟಿಗೆ ತಪ್ಪಿಸಿಕೊಳ್ಳುತ್ತದೆ, ಇತರ ಲಾಭವೊಂದೇ ಸಾಕೆಂದು ಓದಿದರೆ ಸಿಕ್ಕಿಬೀಳುತ್ತದೆ. ಕಾಯ್ದೆಯನ್ನೇ ಪ್ರಶ್ನಿಸಿ ಕರ್ನಾಟಕ ಹೈಕೋರ್ಟ್ ಸೇರಿದಂತೆ ಬೇರೆ ಬೇರೆ ಕಡೆ ಹೂಡಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ವರ್ಗವಾದವು. ಅವೆಲ್ಲ ದೊಡ್ಡ ಹಣದ ಆಟಗಳ ಅರ್ಜಿಗಳು, ಟೋಪಿ ಅಂಗಿಯ ಪೆಟ್ಟಿಗೆಯವಲ್ಲ. ಎರಡನೆಯ ಓದೇ ಸರಿ ಎಂಬುದಕ್ಕೆ ‘ಸ್ಪೋರ್ಟಿಂಗ್ ಸ್ಟಾರ್’ ಪ್ರಕರಣದ ಬಲವಿದೆ: ಅಂದು ನ್ಯಾಯಾಲಯ ಉತ್ತರ ಗೊತ್ತಾಗುವ ಬಗೆಯನ್ನು ತೂಗಿತ್ತು, ಬಹುಮಾನದ ಗಾತ್ರವನ್ನಲ್ಲ.

ನಿಷೇಧ ಹಾಕಿದರೆ ಮುಗಿಯಿತೇ ಎಂದು ಕೇಳುವವರು ಬೆಲ್ಜಿಯಂ ತೋರಿಸುತ್ತಾರೆ. 2018ರಲ್ಲೇ ಅಲ್ಲಿನ ಜೂಜು ಆಯೋಗ ಇದನ್ನು ಜೂಜೆಂದು ಸಾರಿತು. ಆಮೇಲೆ ನಡೆದ ಅಧ್ಯಯನವೊಂದರಲ್ಲಿ ಅಲ್ಲಿ ಹೆಚ್ಚು ಗಳಿಸುವ ನೂರು ಐಫೋನ್ ಆಟಗಳಲ್ಲಿ 82 ಆಟಗಳು ಅದೃಷ್ಟದ ಮಾರಾಟ ಮುಂದುವರಿಸಿಯೇ ಇದ್ದವು. ಹೇಳಿ ಸುಮ್ಮನಾದ ಕಾನೂನಿನ ಗತಿ ಅದು. ಹೆತ್ತವರು ನೋಡಿಕೊಳ್ಳಲಿ ಎನ್ನುವ ಮಾತೂ ಉಂಟು. ಎರಡು ಪಾಳಿ ದುಡಿಯುವ ಮನೆಯಲ್ಲಿ ಆಟದ ನಾಣ್ಯದ ದರ ತಿಳಿದಿರುವುದು ಮಗನಿಗೆ ಮಾತ್ರ. ಇಷ್ಟೆಲ್ಲ ಗುದ್ದಾಟ ಕಂಪನಿಗಳಿಗೂ ಬೇಕಿಲ್ಲವೆಂಬುದಕ್ಕೆ ಅವುಗಳೇ ಸಾಕ್ಷಿ. ಫೋರ್ಟ್‌ನೈಟ್ 2019ರ ಜನವರಿಯಲ್ಲಿ ತನ್ನ ಪೆಟ್ಟಿಗೆಗಳನ್ನು ಪಾರದರ್ಶಕ ಮಾಡಿ, ಒಳಗೇನಿದೆಯೆಂದು ಮೊದಲೇ ತೋರಿಸತೊಡಗಿತು. ನೆದರ್‌ಲ್ಯಾಂಡ್ಸಿನಲ್ಲಿ ದಂಡದ ವ್ಯಾಜ್ಯ ಇನ್ನೂ ನಡೆಯುತ್ತಿದ್ದಾಗಲೇ, 2021ರ ಜೂನಿನಲ್ಲಿ, ಇಎ ಕೂಡ ಬಿಚ್ಚಿ ನೋಡಿ ಆಮೇಲೆ ಕೊಳ್ಳುವ ಪ್ಯಾಕೊಂದನ್ನು ಫಿಫಾ ಆಟಕ್ಕೆ ತಂದಿತು. ಮೊಹರು ಹಾಕಿದ ಹಳೆಯ ಪ್ಯಾಕುಗಳನ್ನೂ ಪಕ್ಕದಲ್ಲೇ ಮಾರಲು ಇಟ್ಟುಕೊಂಡಿತು.